ಹಂಫ್ರಿ ಡೇವಿ ಮತ್ತು ತಾಮ್ರದ ಹಡಗುಗಳು

ಬೋಧನಾಭ್ಯಾಸದಲ್ಲಿ ನನ್ನ ಹದಿನಾಲ್ಕನೆಯ ಪಾಠ ಹತ್ತನೇ ತರಗತಿಗೆ. ಲೋಹಗಳು ಮತ್ತು ಅಲೋಹಗಳು ಘಟಕದ ಕೊನೆಯ ಭಾಗ, ಲೋಹಗಳ ನಶಿಸುವಿಕೆ. ನನಗೆ ಸಿಕ್ಕಿದ ಪ್ರೌಢಶಾಲೆ ಕಡಲಿಗೆ ತೀರ ಹತ್ತಿರ. ಕಿಟಕಿಯ ಸರಳು, ಬೆಂಚಿನ ಮೊಳೆ, ಸೈಕಲ್ ಸ್ಟ್ಯಾಂಡು ಎಲ್ಲವೂ ಉಪ್ಪುಗಾಳಿಗೆ ಪದರ ಪದರವಾಗಿ ಕಿತ್ತುಬರುವ ಊರು. ತುಕ್ಕು ಎಂದರೇನು ಎಂದು ಅಲ್ಲಿನ ಮಕ್ಕಳಿಗೆ ತೋರಿಸಬೇಕಾದ ಅಗತ್ಯವೇ ಇರಲಿಲ್ಲ. ಹಾಗಾಗಿ ಪ್ರೇರಣೆಯ ಹಂತಕ್ಕೆ ನಾನು ತುಕ್ಕು ಹಿಡಿದ ಮೊಳೆಯ ಬದಲು ಬೇರೊಂದು ವಸ್ತು ಒಯ್ದೆ.

ನನ್ನ ಅಪ್ಪನದು ದ್ವಿಚಕ್ರ ವಾಹನಗಳ ಗ್ಯಾರೇಜು. ಅಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಬೈಕೊಂದರ ಎಂಜಿನ್ ಕವರನ್ನು ಕೇಳಿ ತಂದಿದ್ದೆ. ಕವರು ಅಲ್ಯೂಮಿನಿಯಂನದು, ಅದರೊಳಗೆ ಸಿಕ್ಕಿಕೊಂಡಿದ್ದ ಬೋಲ್ಟು ಉಕ್ಕಿನದು. ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಬೋಲ್ಟಿನ ತಲೆ ಮುರಿದು ಕೈಗೆ ಬಂದಿತ್ತು, ಬೋಲ್ಟು ಮಾತ್ರ ಕದಲಿರಲಿಲ್ಲ. ಅದರ ಸುತ್ತ ಬಿಳಿ ಪುಡಿ ಕಟ್ಟಿಕೊಂಡಿತ್ತು. ಅದನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿ, ಇಲ್ಲಿ ಹಾಳಾಗಿರುವುದು ಯಾವ ಲೋಹ ಎಂದು ಕೇಳಿದೆ. ಹೆಚ್ಚಿನವರು ಉಕ್ಕು ಎಂದರು. ಹತ್ತಿರದಿಂದ ನೋಡಿದವರು ಅಲ್ಯೂಮಿನಿಯಂ ಎಂದರು. ಅವರು ಹೇಳಿದ್ದು ಸರಿ. ಅದೇ ಕವರಿನ ಉಳಿದ ಭಾಗ ಸಪಾಟಾಗಿ ಚೆನ್ನಾಗಿಯೇ ಇತ್ತು. ಉಕ್ಕು ತಾಗಿದ ಕಡೆ ಮಾತ್ರ ಅಲ್ಯೂಮಿನಿಯಂ ಕರಗಿ ಪುಡಿಯಾಗಿ, ಆ ಪುಡಿ ಉಬ್ಬಿ ಬೋಲ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದು, ಎರಡರ ಮೇಲೂ ಉಪ್ಪುನೀರಿನ ತೆಳುಪದರ ಇದ್ದರೆ ಅಲ್ಲೊಂದು ಪುಟ್ಟ ವಿದ್ಯುತ್‌ಕೋಶ ಏರ್ಪಡುತ್ತದೆ. ಕ್ರಿಯಾಶೀಲತೆಯ ಸರಣಿಯಲ್ಲಿ ಮೇಲಿರುವ ಲೋಹ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಕೆಳಗಿರುವುದು ಉಳಿದುಕೊಳ್ಳುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೇಲಿದೆ. ಸಾಮಾನ್ಯವಾಗಿ ಅದರ ಮೇಲಿರುವ ಆಕ್ಸೈಡಿನ ಪದರ ಅದನ್ನು ಕಾಯುತ್ತದೆ, ಆದರೆ ಉಪ್ಪಿನ ಕ್ಲೋರೈಡು ಆ ಪದರವನ್ನು ಒಡೆದು ಒಳಹೊಗುತ್ತದೆ. ಇಷ್ಟನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಕೊನೆಯ ಐದು ನಿಮಿಷ, ಪಾಠ ಯೋಜನೆಯಲ್ಲಿ ಬರೆದುಕೊಂಡಿದ್ದಂತೆ, ಹಂಫ್ರಿ ಡೇವಿ ಎಂಬ ಇಂಗ್ಲೆಂಡಿನ ರಸಾಯನವಿಜ್ಞಾನಿ ಇದೇ ತತ್ತ್ವವನ್ನು ತಿರುಗಿಸಿ ಬಳಸಿಕೊಂಡು ಹಡಗುಗಳ ತಾಮ್ರವನ್ನು ಉಳಿಸಿದ ಕಥೆ ಹೇಳಿದೆ. ಗಂಟೆ ಹೊಡೆಯುವ ಹೊತ್ತಿಗೆ, ಮನೆಯವರಿಗೆ ಮೀನುಗಾರಿಕೆ ಬೋಟಿನಲ್ಲಿ ಪಾಲಿರುವ ಹುಡುಗನೊಬ್ಬ ಎದ್ದುನಿಂತು, ಆಮೇಲೆ ಆ ಹಡಗುಗಳು ಚೆನ್ನಾಗಿ ಓಡಿದವಾ ಟೀಚರ್ ಎಂದು ಕೇಳಿದ. ನಾನು ಯೋಚನೆಯನ್ನೂ ಮಾಡದೆ ಹೌದು ಎಂದುಬಿಟ್ಟೆ.

ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ಪಾಠೋಪಕರಣದ ಆಯ್ಕೆ ಚೆನ್ನಾಗಿದೆ ಎಂದು ಬರೆದು ಸಹಿ ಮಾಡಿದರು. ಆ ದಿನ ಸಂಜೆ ಕಾಲೇಜಿನ ಗ್ರಂಥಾಲಯದಲ್ಲಿ ಡೇವಿಯ ಜೀವನವನ್ನು ಮೊದಲ ಸಲ ಪೂರ್ತಿಯಾಗಿ ಓದಿದೆ. ಹುಡುಗನಿಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಆ ಹಡಗುಗಳು ಚೆನ್ನಾಗಿ ಓಡಲಿಲ್ಲ. ಈ ಲೇಖನವನ್ನು ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಪ್ರಾಂತದ ಪೆನ್‌ಜಾನ್ಸ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಮರದ ಕೆತ್ತನೆ ಕೆಲಸದವನು. ಐವರು ಮಕ್ಕಳಲ್ಲಿ ಹಂಫ್ರಿಯೇ ಹಿರಿಯ. ಶಾಲೆಯಲ್ಲಿ ಹೇಳಿಕೊಳ್ಳುವಂಥ ವಿದ್ಯಾರ್ಥಿಯಲ್ಲ. ಮೀನು ಹಿಡಿಯುವುದು, ಕಥೆ ಕಟ್ಟಿ ಹೇಳುವುದು, ಪದ್ಯ ಬರೆಯುವುದು ಅವನಿಗೆ ಪ್ರಿಯ. ಮುಂದೆ ದೊಡ್ಡವನಾದ ಮೇಲೆ, ಬಾಲ್ಯದಲ್ಲಿ ತನ್ನನ್ನು ತನ್ನ ಪಾಡಿಗೆ ಬಿಟ್ಟದ್ದೇ ಒಳ್ಳೆಯದಾಯಿತು ಎಂದು ಅವನು ನೆನೆಸಿಕೊಂಡದ್ದುಂಟು. ಬಿ.ಎಡ್. ವಿದ್ಯಾರ್ಥಿನಿಯಾಗಿ ಇದನ್ನು ಓದುವಾಗ ನನಗೆ ಸ್ವಲ್ಪ ಮುಜುಗರವಾಯಿತು. ನಾವು ನಿಮಿಷ ನಿಮಿಷಕ್ಕೂ ಚಟುವಟಿಕೆ ಬರೆದು ತುಂಬಿಸುವ ಪಾಠ ಯೋಜನೆಯಲ್ಲಿ ಮಗುವನ್ನು ಅದರ ಪಾಡಿಗೆ ಬಿಡಲು ಅಂಕಣವೇ ಇಲ್ಲ.

1794ರಲ್ಲಿ ತಂದೆ ತೀರಿಕೊಂಡ. ಮನೆಯಲ್ಲಿ ಸಾಲ. ಮರುವರ್ಷ ಡೇವಿ ಊರಿನ ವೈದ್ಯನೊಬ್ಬನ ಬಳಿ ಕೆಲಸ ಕಲಿಯಲು ಸೇರಿದ. ಔಷಧ ಅರೆಯುವ, ಬೆರೆಸುವ ಆ ಕೋಣೆಯೇ ಅವನ ಮೊದಲ ಪ್ರಯೋಗಾಲಯವಾಯಿತು. ರಸಾಯನಶಾಸ್ತ್ರವನ್ನು ಪುಸ್ತಕ ಓದಿ ತಾನೇ ಕಲಿತ. ಅದೇ ಊರಿನ ಸುತ್ತಿನ ಡೇವಿಸ್ ಗಿಡ್ಡಿ ಎಂಬ ಗಣ್ಯ ಈ ಹುಡುಗನನ್ನು ಗುರುತಿಸಿ ಪುಸ್ತಕ ಕೊಟ್ಟ, ಬಲ್ಲವರಿಗೆ ಪರಿಚಯಿಸಿದ. 1798ರಲ್ಲಿ, ಇಪ್ಪತ್ತೂ ತುಂಬದ ಡೇವಿ ಬ್ರಿಸ್ಟಲ್ ನಗರದಲ್ಲಿ ಥಾಮಸ್ ಬೆಡೋಸ್ ನಡೆಸುತ್ತಿದ್ದ ಸಂಸ್ಥೆಗೆ ಹೋದ. ಅನಿಲಗಳನ್ನು ಉಸಿರಾಡಿಸಿ ರೋಗ ಗುಣಪಡಿಸಬಹುದೇ ಎಂದು ಅಲ್ಲಿ ನೋಡುತ್ತಿದ್ದರು. ಡೇವಿ ಪ್ರಯೋಗಕ್ಕೆ ತನ್ನ ದೇಹವನ್ನೇ ಒಡ್ಡಿದ. ನೈಟ್ರಸ್ ಆಕ್ಸೈಡ್ ಉಸಿರಾಡಿ ನಕ್ಕ, ಕಾರ್ಬನ್ ಮಾನಾಕ್ಸೈಡ್ ಇದ್ದ ಅನಿಲ ಉಸಿರಾಡಿ ಸಾಯುವುದರಲ್ಲಿದ್ದ. ನಗೆ ಅನಿಲ ನೋವನ್ನು ಮರೆಸುತ್ತದೆ, ಶಸ್ತ್ರಚಿಕಿತ್ಸೆಗೆ ಬಳಸಬಹುದು ಎಂಬ ಸೂಚನೆಯನ್ನು 1800ರಲ್ಲೇ ಬರೆದಿಟ್ಟ. ಅದನ್ನು ಆಗ ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಅದೇ 1800ರಲ್ಲಿ ಇಟಲಿಯ ವೋಲ್ಟಾ ಸತು ಮತ್ತು ಇನ್ನೊಂದು ಲೋಹದ ಬಿಲ್ಲೆಗಳನ್ನು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಒಂದರ ಮೇಲೊಂದು ಪೇರಿಸಿ, ನಿರಂತರ ವಿದ್ಯುತ್ತು ಹರಿಸಿದ ಸುದ್ದಿ ಇಂಗ್ಲೆಂಡಿಗೆ ಬಂತು. ಡೇವಿಯ ಉಳಿದ ಬದುಕೆಲ್ಲ ಒಂದರ್ಥದಲ್ಲಿ ಈ ಬಿಲ್ಲೆಗಳ ಕಥೆ. ಎರಡು ಲೋಹ ಮುಟ್ಟಿದ್ದರಿಂದಲೇ ವಿದ್ಯುತ್ತು ಹುಟ್ಟುತ್ತದೆ ಎಂದು ವೋಲ್ಟಾ ನಂಬಿದ್ದ. ಡೇವಿಯ ಕಣ್ಣು ಬಿದ್ದದ್ದು ಇನ್ನೊಂದರ ಮೇಲೆ, ಅಂದರೆ ಸತು ಸವೆಯುತ್ತಿರುವುದರ ಮೇಲೆ. ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗೂ ಬಿಡಿಸಲಾಗದ ನಂಟಿದೆ ಎಂಬುದು ಅವನ ವಾದ. 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದಾಗ ಅವನು ಕೊಟ್ಟ ಮೊದಲ ಉಪನ್ಯಾಸದ ವಿಷಯವೂ ಇದೇ.

ಅವನು ಎಂಥ ಉಪನ್ಯಾಸಕ ಎಂಬುದನ್ನು ನಾವು ಶಿಕ್ಷಕರಾಗುವವರು ಗಮನಿಸಬೇಕು. ಅವನ ಮಾತು ಕೇಳಲು ಬರುವವರ ಗಾಡಿಗಳಿಂದ ಆಲ್ಬೆಮಾರ್ಲ್ ಬೀದಿ ತುಂಬಿಹೋಗಿ, ಅದನ್ನು ಏಕಮುಖ ಸಂಚಾರದ ಬೀದಿ ಮಾಡಬೇಕಾಯಿತು. ಲಂಡನ್ನಿನಲ್ಲಿ ಅಂಥ ಬೀದಿ ಅದೇ ಮೊದಲು. ಪ್ರತಿ ಪ್ರಯೋಗವನ್ನೂ ಮೊದಲೇ ಮಾಡಿನೋಡಿ, ಅಭ್ಯಾಸ ಮಾಡಿ ವೇದಿಕೆಗೆ ಬರುತ್ತಿದ್ದ.

1807ರ ಅಕ್ಟೋಬರದಲ್ಲಿ, ಕರಗಿಸಿದ ಪೊಟ್ಯಾಷಿನ ಮೂಲಕ ವಿದ್ಯುತ್ ಹಾಯಿಸಿದಾಗ ಪಾದರಸದಂಥ ಹೊಳೆಯುವ ಮಣಿಗಳು ಮೂಡಿ ಹೊತ್ತಿ ಉರಿದವು. ಅದೇ ಪೊಟ್ಯಾಸಿಯಮ್. ಡೇವಿ ಕೋಣೆಯಲ್ಲಿ ಕುಣಿದಾಡಿದ ಎಂದು ಜೊತೆಗಿದ್ದ ಬಂಧು ನೆನೆಸಿಕೊಂಡಿದ್ದಾನೆ. ಕೆಲವೇ ದಿನಗಳಲ್ಲಿ ಸೋಡಿಯಂ. ಮರುವರ್ಷ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೇರಿಯಂ, ಸ್ಟ್ರಾನ್ಷಿಯಂ. ನಾವು ಕ್ರಿಯಾಶೀಲತೆಯ ಸರಣಿಯನ್ನು ಮೇಲಿನಿಂದ ಬಾಯಿಪಾಠ ಹೇಳಿಸುವಾಗ ಬರುವ ಮೊದಲ ನಾಲ್ಕು ಹೆಸರುಗಳು ಪೊಟ್ಯಾಸಿಯಮ್, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ. ನಾಲ್ಕನ್ನೂ ಬಿಡಿಸಿ ತೋರಿಸಿದವನು ಒಬ್ಬನೇ, ಅದೂ ಎರಡು ವರ್ಷದೊಳಗೆ, ಮೂವತ್ತು ತುಂಬುವ ಮೊದಲು. ಪಠ್ಯಪುಸ್ತಕದ ಆ ಪಟ್ಟಿಯ ಪಕ್ಕದಲ್ಲಿ ಇದನ್ನೊಂದು ಸಾಲು ಹಾಕಬಹುದಿತ್ತು.

ಮುಂದಿನದನ್ನು ಬೇಗ ಹೇಳುತ್ತೇನೆ. 1812ರಲ್ಲಿ ಸರ್ ಪದವಿ, ಶ್ರೀಮಂತ ವಿಧವೆ ಜೇನ್ ಏಪ್ರೀಸ್‌ಳೊಡನೆ ಮದುವೆ. ಅದೇ ವರ್ಷ ನೈಟ್ರೋಜನ್ ಟ್ರೈಕ್ಲೋರೈಡ್ ಸಿಡಿದು ಕಣ್ಣಿಗೆ ಪೆಟ್ಟು. 1813ರಲ್ಲಿ ಮೈಕೆಲ್ ಫ್ಯಾರಡೆ ಎಂಬ ಬುಕ್ ಬೈಂಡರ್ ಹುಡುಗನನ್ನು ಸಹಾಯಕನಾಗಿ ಇಟ್ಟುಕೊಂಡ. 1815ರಲ್ಲಿ ಗಣಿ ಕೆಲಸಗಾರರಿಗಾಗಿ ಸುರಕ್ಷಾ ದೀಪ. ಜ್ವಾಲೆಯ ಸುತ್ತ ತಂತಿಯ ಜಾಲರಿ ಹಾಕಿದರೆ ಹೊರಗಿನ ಸ್ಫೋಟಕ ಅನಿಲಕ್ಕೆ ಬೆಂಕಿ ತಾಗದು. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ. ಮರ ಕೆತ್ತುವವನ ಮಗ ಹಿಂದೆ ನ್ಯೂಟನ್ ಕುಳಿತಿದ್ದ ಕುರ್ಚಿಯಲ್ಲಿ ಕುಳಿತ. ಮುಟ್ಟಿದ್ದೆಲ್ಲ ಕೈಗೂಡುತ್ತಿದ್ದ ಕಾಲ ಅದು. ಹಡಗಿನ ಕೆಲಸ ಅವನ ಬಳಿ ಬಂದದ್ದು ಆಗ.

ಅದಕ್ಕೆ ಅರವತ್ತು ವರ್ಷ ಹಿಂದಿನ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಮರದ ಹಡಗಿನ ತಳವನ್ನು ಕಡಲಿನ ಹುಳುಗಳು ಕೊರೆದು ಜೇನುಗೂಡಿನಂತೆ ಮಾಡುತ್ತವೆ. ಪಾಚಿ ಮತ್ತು ಕಲ್ಲಿನಂತೆ ಅಂಟುವ ಚಿಪ್ಪುಜೀವಿಗಳು ಬೆಳೆದು ಹಡಗಿನ ವೇಗ ತಗ್ಗಿಸುತ್ತವೆ. ಇದಕ್ಕೆ ಪರಿಹಾರವಾಗಿ 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದೆಸಿ ವೆಸ್ಟ್ ಇಂಡೀಸಿಗೆ ಕಳಿಸಿತು. 1763ರಲ್ಲಿ ಪರೀಕ್ಷಿಸಿ ನೋಡಿದರೆ ಹುಳುಗಳ ಕಾಟ ನಿಂತಿತ್ತು, ಆದರೆ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಕೆಲವು ಮೊಳೆಗಳು ಮಾತ್ರ ಉಳಿದುಕೊಂಡಿದ್ದವು. ತಗಡು ಸುತ್ತಿ ಬಂದಿದ್ದ ಕಂದು ಕಾಗದ ಆ ಮೊಳೆಗಳಿಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಎರಡು ಲೋಹ ಮುಟ್ಟದಂತೆ ಒಂದು ಚೂರು ಕಾಗದ ತಡೆದಿತ್ತು, ಅಷ್ಟೇ. ವೋಲ್ಟಾನ ಬಿಲ್ಲೆಗಳಿಗಿಂತ ಸುಮಾರು ನಲವತ್ತು ವರ್ಷ ಮೊದಲಿನ ಮಾತು ಇದು. ಕಾರಣ ಯಾರಿಗೂ ತಿಳಿಯದಿದ್ದರೂ ಪಾಠ ಕಲಿತರು. 1780ರ ದಶಕದಲ್ಲಿ ಕಬ್ಬಿಣದ ಬದಲು ತಾಮ್ರ ಮಿಶ್ರಲೋಹದ ಬೋಲ್ಟುಗಳು ಬಂದವು.

ಇಲ್ಲಿ ತರಗತಿಯಲ್ಲಿ ನಿಂತು ಹೇಳಬೇಕಾದ ಒಂದು ಅಂಶ ಇದೆ. ಮೊಳೆಗಳು ಅಷ್ಟು ಬೇಗ ಹೋದದ್ದೇಕೆ? ತಾಮ್ರದ ತಗಡು ವಿಶಾಲ, ಮೊಳೆ ಪುಟ್ಟದು. ಅಷ್ಟಗಲ ತಾಮ್ರದ ಮೇಲೆ ನಡೆಯುವ ಕ್ರಿಯೆಗೆ ಬೇಕಾದ ಎಲೆಕ್ಟ್ರಾನುಗಳನ್ನೆಲ್ಲ ಮೊಳೆಯೊಂದೇ ಒದಗಿಸಬೇಕು. ಅದಕ್ಕೇ ವಾಹನಗಳಲ್ಲೂ ದೊಡ್ಡ ಉಕ್ಕಿನ ಹಾಳೆಗೆ ಅಲ್ಯೂಮಿನಿಯಂ ರಿವೆಟ್ ಹೊಡೆಯುವುದು ಅಪಾಯ. ಅಗಲವಾದ ಅಲ್ಯೂಮಿನಿಯಂ ಹಾಳೆಗೆ ಉಕ್ಕಿನ ರಿವೆಟ್ ಹೊಡೆದರೆ ಹಾನಿ ನಿಧಾನ. ಅಪ್ಪ ಹೊಸ ಬೋಲ್ಟು ಹಾಕುವಾಗ ಥ್ರೆಡ್ಡಿಗೆ ಗ್ರೀಸು ಮೆತ್ತುವುದು ನೀರು ಒಳಹೋಗದಿರಲೆಂದು. ಅಲಾರ್ಮ್ ಹಡಗಿನ ಕಂದು ಕಾಗದ ಲೋಹ ಲೋಹವನ್ನು ಮುಟ್ಟದಂತೆ ತಡೆಯಿತು, ಗ್ರೀಸು ನೀರು ಲೋಹವನ್ನು ಮುಟ್ಟದಂತೆ ತಡೆಯುತ್ತದೆ. ಎರಡರಲ್ಲಿ ಯಾವುದನ್ನು ಕಡಿದರೂ ಕೋಶದ ಮಂಡಲ ಕಡಿಯುತ್ತದೆ.

ಮೊಳೆಯ ತೊಂದರೆ ಮುಗಿದ ಮೇಲೂ ತಾಮ್ರದ ತಗಡು ತಾನಾಗಿಯೇ ಸಮುದ್ರದ ನೀರಿನಲ್ಲಿ ಸವೆಯುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ಇಡೀ ತಳದ ತಗಡು ಬದಲಿಸುವ ಖರ್ಚು ನೌಕಾಪಡೆಗೆ ಭಾರವಾಗಿತ್ತು. ತಾಮ್ರವೇ ಕಳಪೆಯೋ ಎಂಬ ಅನುಮಾನ. 1823ರಲ್ಲಿ ಪ್ರಶ್ನೆ ರಾಯಲ್ ಸೊಸೈಟಿಗೆ ಬಂತು, ಡೇವಿ ತಾನೇ ಕೈಗೆತ್ತಿಕೊಂಡ.

ಅವನ ತರ್ಕ ಎಷ್ಟು ಸರಳವಾಗಿದೆಯೆಂದರೆ, ಓದಿದಾಗ ನಾನೇ ಯೋಚಿಸಬಹುದಿತ್ತು ಅನ್ನಿಸುತ್ತದೆ. ಸಮುದ್ರದ ನೀರಿನಲ್ಲಿ ಕರಗಿರುವ ಆಮ್ಲಜನಕದ ಜೊತೆ ಸೇರಿ ತಾಮ್ರ ಕರಗುವುದು ಅದು ಧನ ಸ್ಥಿತಿಯಲ್ಲಿರುವಾಗ. ಅದನ್ನು ಅಷ್ಟಿಷ್ಟು ಋಣ ಸ್ಥಿತಿಗೆ ತಂದರೆ ಕರಗುವುದು ನಿಲ್ಲಬೇಕು. ಹಾಗೆ ತರಲು ಬ್ಯಾಟರಿ ಬೇಡ, ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಲೋಹದ ಒಂದು ತುಂಡನ್ನು ಮುಟ್ಟಿಸಿದರೆ ಸಾಕು. ಪ್ರಯೋಗ ಮಾಡಿ ನೋಡಿದ. ಬಟಾಣಿ ಕಾಳಿನಷ್ಟು ಸತು, ಅಥವಾ ಸಣ್ಣ ಕಬ್ಬಿಣದ ಮೊಳೆಯ ತುದಿ, 40–50 ಚದರ ಅಂಗುಲ ತಾಮ್ರವನ್ನು ಸಮುದ್ರದ ನೀರಿನಲ್ಲಿ ಪೂರ್ತಿ ಕಾಪಾಡಿತು. ತುಂಡನ್ನು ಮೇಲಿಟ್ಟರೂ, ಕೆಳಗಿಟ್ಟರೂ, ತಂತಿಯಿಂದ ಜೋಡಿಸಿದರೂ ಫಲ ಅದೇ. ಅಲಾರ್ಮ್ ಹಡಗಿನಲ್ಲಿ ಯಾರೂ ಬಯಸದೆ ನಡೆದುಹೋದದ್ದನ್ನೇ ಡೇವಿ ಬಯಸಿ ಮಾಡಿದ. ಅಲ್ಲಿ ಕಬ್ಬಿಣ ಸವೆದದ್ದು ಹಾನಿ, ಇಲ್ಲಿ ಕಬ್ಬಿಣ ಸವೆಯುವುದೇ ಉಪಾಯ.

1824ರ ಜನವರಿಯಲ್ಲಿ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಪೋರ್ಟ್ಸ್‌ಮತ್ ಬಂದರಿನಲ್ಲಿ ತಗಡುಗಳನ್ನು ಮುಳುಗಿಸಿಟ್ಟು ಅಳತೆ ತೆಗೆದರು. ತಾಮ್ರದ ವಿಸ್ತೀರ್ಣದ ನಲವತ್ತರಲ್ಲೊಂದರಿಂದ ಸುಮಾರು ನೂರರಲ್ಲೊಂದು ಪಾಲಿನವರೆಗೆ ರಕ್ಷಕ ಲೋಹ ಇದ್ದರೆ ತಾಮ್ರ ಒಂದಿಷ್ಟೂ ಸವೆಯಲಿಲ್ಲ. ಅದಕ್ಕಿಂತ ಕಡಿಮೆಯಾದಂತೆ ಸವೆತ ಹೆಚ್ಚಿತು, ಸಾವಿರದಲ್ಲೊಂದು ಪಾಲು ಇದ್ದರೂ ತಕ್ಕಮಟ್ಟಿನ ರಕ್ಷಣೆ ಸಿಕ್ಕಿತು. ಬಳಿಕ ನಿಜವಾದ ಹಡಗುಗಳು. ಅವುಗಳಲ್ಲಿ ಒಂದು ಸಮರಾಂಗ್. ಅದು ಕಟ್ಟಲ್ಪಟ್ಟದ್ದು ನಮ್ಮ ಇದೇ ಕರಾವಳಿಯ ಕೆಳಗೆ, ಕೊಚ್ಚಿಯಲ್ಲಿ, ತೇಗದ ಮರದಿಂದ, ನೀರಿಗಿಳಿದದ್ದು 1822ರಲ್ಲಿ. ಅದರ ತಳಕ್ಕೆ ತಾಮ್ರದ ವಿಸ್ತೀರ್ಣದ ಸುಮಾರು ಎಂಬತ್ತರಲ್ಲೊಂದು ಪಾಲಿನಷ್ಟು ಎರಕದ ಕಬ್ಬಿಣ ಕೂರಿಸಿ ಅಟ್ಲಾಂಟಿಕ್ ದಾಟಿಸಿ ನೋವಾ ಸ್ಕಾಷಿಯಾಕ್ಕೆ ಕಳಿಸಿದರು. 1825ರ ಆರಂಭದಲ್ಲಿ ಹಿಂತಿರುಗಿದಾಗ ತಾಮ್ರ ಉಳಿದಿತ್ತು. ಓಡುವ ಹಡಗಿನಲ್ಲಿ ಪರೀಕ್ಷಿಸಲು ಡೇವಿ ಸ್ವತಃ ಕಾಮೆಟ್ ಎಂಬ ಹಬೆ ಹಡಗಿನಲ್ಲಿ ಉತ್ತರ ಸಮುದ್ರಕ್ಕೆ ಹೋಗಿಬಂದ. ಹಲವು ಹಡಗುಗಳಿಗೆ ರಕ್ಷಕ ತುಂಡುಗಳನ್ನು ಜೋಡಿಸಲಾಯಿತು.

ನಾನು ಮಕ್ಕಳಿಗೆ ಹೇಳಿದ ಕಥೆ ಇಲ್ಲಿಗೆ ಮುಗಿದಿತ್ತು. ನನ್ನ ಬಳಿಯಿದ್ದ ಮಾರ್ಗದರ್ಶಿ ಪುಸ್ತಕದಲ್ಲೂ ಇಲ್ಲಿಗೇ ಮುಗಿದಿತ್ತು.

ರಕ್ಷಣೆ ಪಡೆದ ಹಡಗುಗಳನ್ನು ಕಟ್ಟೆಗೆ ಎಳೆದು ತಳ ನೋಡಿದಾಗ ತಾಮ್ರ ಹೊಸದರಂತಿತ್ತು, ಆದರೆ ಅದರ ಮೇಲೆ ಪಾಚಿ, ಚಿಪ್ಪುಜೀವಿಗಳು ಹೇರಳವಾಗಿ ಬೆಳೆದಿದ್ದವು. ಬಂದರಿನಲ್ಲಿ ಸುಮ್ಮನೆ ನಿಂತ ಹಡಗುಗಳಲ್ಲಂತೂ ಇನ್ನೂ ಹೆಚ್ಚು. ಹಡಗು ನಿಧಾನವಾಯಿತು, ಹೇಳಿದಂತೆ ತಿರುಗದಾಯಿತು. ತಾಮ್ರ ಕಡಲಿನ ಜೀವಿಗಳನ್ನು ದೂರ ಇಡುತ್ತಿದ್ದದ್ದು ಅದು ಚೂರು ಚೂರಾಗಿ ಕರಗುತ್ತಿದ್ದುದರಿಂದಲೇ. ಕರಗಿದ ತಾಮ್ರ ಅವುಗಳಿಗೆ ವಿಷ. ಡೇವಿ ಸವೆತವನ್ನು ನಿಲ್ಲಿಸಿದ, ಅದರೊಡನೆ ವಿಷವೂ ನಿಂತಿತು. ಸಾಲದ್ದಕ್ಕೆ, ರಕ್ಷಣೆ ಅತಿಯಾದ ತಾಮ್ರದ ಮೇಲೆ ನೀರು ಪ್ರತ್ಯಾಮ್ಲೀಯವಾಗಿ, ಸಮುದ್ರದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣಗಳು ಸುಣ್ಣದಂತೆ ಪದರ ಕಟ್ಟಿದವು. ಜೀವಿಗಳು ಕಾಲೂರಲು ಒಳ್ಳೆಯ ನೆಲವಾಯಿತು. ಹದಿನೈದು ವರ್ಷ ಹಿಂದೆ ಜಗತ್ತಿಗೆ ತಾನೇ ಬಿಡಿಸಿ ತೋರಿಸಿದ್ದ ಎರಡು ಧಾತುಗಳು ಹೀಗೆ ಬಂದು ಅವನ ಹಡಗಿಗೆ ಅಂಟಿಕೊಂಡವು.

ರಕ್ಷಕದ ಗಾತ್ರ ತಗ್ಗಿಸಿ, ತಾಮ್ರ ಸ್ವಲ್ಪವೇ ಕರಗುವಂತೆ ಮಾಡುವ ಹದವೊಂದನ್ನು ಡೇವಿ ಹುಡುಕಿದ. ಅಷ್ಟು ಹೊತ್ತಿಗೆ ನೌಕಾಪಡೆಯ ತಾಳ್ಮೆ ಮುಗಿದಿತ್ತು. ಕೆಲವೇ ವರ್ಷಗಳಲ್ಲಿ, ಅವನು ಬದುಕಿರುವಾಗಲೇ, ತುಂಡುಗಳನ್ನು ತೆಗೆಸಿಹಾಕಿದರು. ಪತ್ರಿಕೆಗಳು ಲೇವಡಿ ಮಾಡಿದವು. ಅಧ್ಯಕ್ಷನೆಂಬ ಬಿಂಕ ಅವನಿಗೆ ಇದ್ದದ್ದೂ ನಿಜ, ಬಿದ್ದಾಗ ಕೈಹಿಡಿಯುವವರು ಕಡಿಮೆಯಿದ್ದರು. ಹಡಗಿನ ಪ್ರಯೋಗಗಳು ನಡೆಯುತ್ತಿದ್ದ 1824ರಲ್ಲೇ ಫ್ಯಾರಡೆ ರಾಯಲ್ ಸೊಸೈಟಿಯ ಸದಸ್ಯನಾಗುವುದನ್ನು ಡೇವಿ ವಿರೋಧಿಸಿದ್ದ. ಫ್ಯಾರಡೆ ಆದರೂ ಆಯ್ಕೆಯಾದ. ಡೇವಿಯ ಬದುಕಿನಲ್ಲಿ ನನಗೆ ಹಿಡಿಸದ ಭಾಗ ಇದು. ತಾನು ಕೈಹಿಡಿದು ತಂದ ಶಿಷ್ಯ ತನ್ನ ಸಮಕ್ಕೆ ನಿಲ್ಲುವುದು ಗುರುವಿಗೆ ಸಹಿಸದೇ ಹೋಗುವುದನ್ನು ಓದಲು ಕಷ್ಟವಾಯಿತು.

1826ರಲ್ಲಿ ತಾಯಿ ತೀರಿಕೊಂಡಳು. ಅದೇ ವರ್ಷದ ಕೊನೆಗೆ ಡೇವಿಗೆ ಪಾರ್ಶ್ವವಾಯು. 1827ರಲ್ಲಿ ಅಧ್ಯಕ್ಷ ಪದವಿ ಬಿಟ್ಟ. ಅವನ ಜಾಗಕ್ಕೆ ಬಂದದ್ದು, ಪೆನ್‌ಜಾನ್ಸಿನ ಹುಡುಗನಿಗೆ ಪುಸ್ತಕ ಕೊಟ್ಟಿದ್ದ ಅದೇ ಡೇವಿಸ್ ಗಿಡ್ಡಿ. ಆಗ ಅವನ ಹೆಸರು ಡೇವಿಸ್ ಗಿಲ್ಬರ್ಟ್ ಎಂದು ಬದಲಾಗಿತ್ತು. ಡೇವಿ ಯುರೋಪಿನಲ್ಲಿ ಊರೂರು ಅಲೆದ. ಮತ್ತೆ ಬಾಲ್ಯದ ಹವ್ಯಾಸಕ್ಕೆ ಮರಳಿ ಮೀನು ಹಿಡಿಯುವುದರ ಬಗ್ಗೆ ಪುಸ್ತಕ ಬರೆದ. 1829ರ ಮೇ 29ರಂದು ಜಿನೀವಾದಲ್ಲಿ ಸತ್ತ. ವಯಸ್ಸು ಐವತ್ತು. ಅವನನ್ನು ಮಣ್ಣು ಮಾಡಿದ್ದೂ ಅಲ್ಲೇ.

ನಾವು ಇಂದು ಈ ಪಾಠ ಮಾಡುವಾಗ ಬಳಸುವ ಆನೋಡ್, ಕ್ಯಾಥೋಡ್ ಎಂಬ ಪದಗಳು ಡೇವಿಗೆ ಗೊತ್ತಿರಲಿಲ್ಲ. ಅವನ್ನು 1834ರಲ್ಲಿ ಬಳಕೆಗೆ ತಂದವನು ಫ್ಯಾರಡೆ. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ. ಇಂದು ಕಾರಿನ ಬಾಡಿಯ ಉಕ್ಕಿನ ಹಾಳೆಗೂ ಸತು ಬಳಿಯುತ್ತಾರೆ. ಬಣ್ಣ ಕೆತ್ತಿಹೋಗಿ ಗೀರು ಬಿದ್ದ ಕಡೆ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಮರದ ಹಡಗು ಹೋಗಿ ಉಕ್ಕಿನ ಹಡಗು ಬಂದ ಮೇಲೆ ಡೇವಿಯ ಉಪಾಯ ಹಡಗಿಗೂ ಮರಳಿ ಬಂತು. ಉಕ್ಕು ಕರಗುವುದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಪೂರ್ತಿ ನಿಲ್ಲಿಸಿದರೆ ನಷ್ಟವೂ ಇಲ್ಲ. ಜೀವಿಗಳನ್ನು ದೂರ ಇಡುವ ಕೆಲಸವನ್ನು ತಾಮ್ರದ ಸಂಯುಕ್ತಗಳಿರುವ ಬಣ್ಣಕ್ಕೆ ಬಿಟ್ಟರು. ಡೇವಿಯ ತಗಡು ಒಂದೇ ಮಾಡಬೇಕಾಗಿದ್ದ ಎರಡು ಕೆಲಸಗಳನ್ನು ಈಗ ಎರಡು ಬೇರೆ ಬೇರೆ ವಸ್ತುಗಳು ಮಾಡುತ್ತಿವೆ.

ಮುಂದಿನ ವಾರ ಅದೇ ತರಗತಿಯಲ್ಲಿ ಒಂದು ಅವಧಿ ಕೇಳಿ ಪಡೆದುಕೊಂಡೆ. ಹಿಂದಿನ ಸಲ ನಾನು ಹೇಳಿದ್ದು ತಪ್ಪು ಎಂದು ಮೊದಲೇ ಹೇಳಿದೆ. ನನ್ನ ನಿರೀಕ್ಷೆಗೆ ವಿರುದ್ಧವಾಗಿ ಮಕ್ಕಳು ನಗಲಿಲ್ಲ, ಮುಂದೆ ಬಾಗಿ ಕುಳಿತರು. ಡೇವಿಯ ಬಟಾಣಿ ಕಾಳಿನ ಪ್ರಯೋಗವನ್ನು ಉಪ್ಪುನೀರಿನ ಎರಡು ಲೋಟಗಳಲ್ಲಿ ಇಟ್ಟಿದ್ದೆವು. ಇದನ್ನು ಮಾಡುವ ಸಹಪಾಠಿಗಳಿಗೆ ಒಂದು ಮಾತು: ಕಬ್ಬಿಣದ ಮೊಳೆ ಬಳಸಬೇಡಿ. ನಾನು ಮೊದಲು ಹಾಗೆ ಮಾಡಿ ಮೂರು ದಿನದಲ್ಲಿ ತುಕ್ಕಿನ ಕೆಸರು ತಾಮ್ರವನ್ನೆಲ್ಲ ಮುಚ್ಚಿ ಏನೂ ಕಾಣದಾಯಿತು. ಹಳೆಯ ಟಾರ್ಚ್ ಸೆಲ್ಲಿನ ಹೊರಕವಚದ ಸತುವನ್ನು ಶಿಕ್ಷಕರೇ ಕತ್ತರಿಸಿ, ತೊಳೆದು, ತಾಮ್ರದ ಪಟ್ಟಿಗೆ ಬಿಗಿಯಾಗಿ ಕಟ್ಟಿ. ವಾರದ ಹೊತ್ತಿಗೆ ಬರೀ ತಾಮ್ರದ ಪಟ್ಟಿ ಮಂಕಾಗಿ ಅಲ್ಲಲ್ಲಿ ಹಸಿರಾಗಿತ್ತು. ಸತು ಕಟ್ಟಿದ ಪಟ್ಟಿಗೆ ಹಸಿರು ಬಂದಿರಲಿಲ್ಲ, ಅದರ ಮೇಲೆ ತೆಳುವಾದ ಬಿಳಿ ಪುಡಿ ಕೂತಿತ್ತು.

ಪ್ರಶ್ನೆ ಕೇಳಿದ್ದ ಹುಡುಗ ಬೋಟಿನಿಂದ ಬಿಚ್ಚಿದ ಹಳೆಯ ಸತುವಿನ ಗಟ್ಟಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ. ಮಳೆಗಾಲದಲ್ಲಿ ಬೋಟನ್ನು ಮೇಲಕ್ಕೆಳೆದು ತಳಕ್ಕೆ ಬಣ್ಣ ಬಳಿಯುವಾಗ ಈ ಗಟ್ಟಿಗಳ ಮೇಲೆ ಮಾತ್ರ ಪೇಪರ್ ಅಂಟಿಸಿ, ಬಣ್ಣ ತಾಗದಂತೆ ನೋಡಿಕೊಳ್ಳುತ್ತಾರಂತೆ. ಅವನೂ ಆ ಪೇಪರ್ ಅಂಟಿಸುವ ಕೆಲಸ ಮಾಡಿದ್ದಾನೆ. ಯಾಕೆಂದು ಮನೆಯಲ್ಲಿ ಕೇಳಿದರೆ ಹಾಗೇ ಮಾಡಬೇಕು ಎಂದಷ್ಟೇ ಹೇಳಿದ್ದರು. ಗಟ್ಟಿಯನ್ನು ಮೇಜಿನ ಮೇಲಿಟ್ಟು, ಬಣ್ಣ ಬಳಿದರೆ ನೀರು ಇದನ್ನು ಮುಟ್ಟುವುದಿಲ್ಲ, ಆಮೇಲೆ ಇದು ಕರಗುವುದಿಲ್ಲ, ಕರಗದಿದ್ದರೆ ಬೋಟು ಕರಗುತ್ತದೆ ಎಂದು ಅವನೇ ತರಗತಿಗೆ ವಿವರಿಸಿದ. ನಾನು ಬೋರ್ಡಿನ ಪಕ್ಕಕ್ಕೆ ಸರಿದು ನಿಂತುಕೊಂಡೆ.